ಅಟ್ಟಕ್ಕೆ ಹಾಕಿಸಿದ ಅಡ್ಡಹಲಗೆ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ಹಂಚು, ಹಲಗೆ, ಸೆಕೆಯ ವಿಷಯದ ಹಾಗೆ ಕಾಣುತ್ತದೆ. ಕೇಳಿದವರಿಗೆಲ್ಲ ನಾನು ಹೇಳಿರುವುದೂ ಅಷ್ಟೇ: ಮನೆ ಹಳೆಯದಾಗಿತ್ತು, ರಿಪೇರಿ ತೆಗೆದೆವು, ಬೇಸಿಗೆಯ ಕಾವು ತಡೆಯಲಿ ಎಂದು ಹಂಚಿನ ಮಾಡಿನ ಕೆಳಗೆ ಶೀಟು ಹೊಡೆಸಿದೆವು. ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಕೆಲಸ ಶುರುವಾದದ್ದು ಸೆಕೆಗಾಗಿ ಅಲ್ಲ, ನನ್ನ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ, ಮೇಲಿನ ಕಿಚ್ಚಿಗಾಗಿ.

ನಮ್ಮದು ಶಿರಸಿ ಪೇಟೆಯ ಒಂದು ಗಲ್ಲಿಯಲ್ಲಿರುವ ಉದ್ದನೆಯ ಹಂಚಿನ ಮನೆ. ಮಾವ ಬನವಾಸಿ ಕಡೆಯಿಂದ ಬಂದು ಇಲ್ಲಿ ಕಾಳುಕಡಿ ವ್ಯಾಪಾರ ಮಾಡಿ ಕಟ್ಟಿಸಿದ್ದು. ಅವರು ತೀರಿಕೊಂಡ ಮೇಲೆ ಗಂಡುಮಕ್ಕಳಿಬ್ಬರೂ ಮನೆಯನ್ನು ಪಾಲು ಮಾಡಿಕೊಂಡರು. ಪೂರ್ವದ ಅರ್ಧ ದೊಡ್ಡವರಾದ ನಮ್ಮ ಯಜಮಾನರಿಗೆ, ಪಶ್ಚಿಮದ ಅರ್ಧ ಮೈದುನನಿಗೆ. ನಡುವೆ ಗೋಡೆ ಎತ್ತಲು ಗೌಂಡಿ ಬಂದ. ಗೋಡೆ ಮುಚ್ಚಿಗೆಯ ಹಲಗೆ ಮುಟ್ಟಿದಾಗ ಅತ್ತೆ ಅವನ ಕೈ ನಿಲ್ಲಿಸಿದರು.

"ಇಲ್ಲೀತನಾ ಸಾಕು. ಕೆಳಗ ಎಷ್ಟ ಬೇಕಾದ್ರೂ ಪಾಲ ಮಾಡ್ಕೋರಿ. ತಲಿ ಮ್ಯಾಲ ಪಾಲ ಬ್ಯಾಡ. ನಾ ಇರೂತನಾ ಅಟ್ಟ ನಂದು."

ಮಕ್ಕಳಿಬ್ಬರೂ ತಲೆ ಅಲ್ಲಾಡಿಸಿದರು. ಹಾಗಾಗಿ ನಮ್ಮದು ಕೆಳಗೆ ಎರಡು ಮನೆ, ಮೇಲೆ ಒಂದೇ ಅಟ್ಟ. ಈ ತುದಿಯ ತ್ರಿಕೋನದ ಗೋಡೆಯಲ್ಲಿ ಒಂದು ಚಿಕ್ಕ ಕಿಟಕಿ, ಆ ತುದಿಯಲ್ಲಿ ಒಂದು. ಎರಡೂ ಮನೆಗೆ ಬೇರೆ ಬೇರೆ ಏಣಿ. ನನ್ನ ಏಣಿ ಅಡುಗೆಮನೆಯಲ್ಲಿ, ಅವಳದು ನಡುಮನೆಯಲ್ಲಿ. ಅಟ್ಟದ ಬಾಯಿಗೆ ಕದ ಅಂತ ಯಾರೂ ಮಾಡಿಸಿರಲಿಲ್ಲ.

ಅತ್ತೆಯ ಊಟ ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ಅವರಲ್ಲಿ. ಅದು ಮಾತಾಗಿತ್ತು. ಆದರೆ ಉಂಡ ಮೇಲೆ ಮಧ್ಯಾಹ್ನ ಎಲ್ಲಿ ಕೂರಬೇಕು ಎನ್ನುವುದು ಅವರ ಮರ್ಜಿ. ಅದನ್ನು ಯಾವ ಪಾಲುಪಟ್ಟಿಯಲ್ಲೂ ಬರೆದಿರಲಿಲ್ಲ, ಬರೆಯುವುದಕ್ಕೆ ಆಗುವಂಥದ್ದೂ ಅಲ್ಲ. ನನ್ನ ತಕರಾರೆಲ್ಲ ಆ ಮಧ್ಯಾಹ್ನದ್ದು.

ನಾನು ತಾಯಿಯಿಲ್ಲದೆ ಬೆಳೆದವಳು. ಮದುವೆಯಾಗಿ ಬಂದಾಗ ಜಡೆ ಬಿಗಿಯಾಗಿ ಹೆಣೆದುಕೊಳ್ಳಲೂ ಬರುತ್ತಿರಲಿಲ್ಲ. ಮೊದಲ ವಾರವೇ ಅತ್ತೆ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಎಣ್ಣೆ ಹಚ್ಚಿ ತಲೆ ಬಾಚಿದರು. ಬಾಣಂತನಕ್ಕೆ ತವರು ಅಂತ ಹೋಗಲು ಜಾಗ ಇರಲಿಲ್ಲ. ಎರಡು ಬಾಣಂತನವನ್ನೂ ಅವರೇ ಮಾಡಿದರು. ಬೇರೆ ಸೊಸೆಯಂದಿರು ಅತ್ತೆಯ ಕಾಟ ಹೇಳಿಕೊಂಡು ಅಳುವಾಗ ನಾನು ಸುಮ್ಮನೆ ಕೂತಿರುತ್ತಿದ್ದೆ, ಜಂಬದಿಂದ. ನನ್ನ ನೆಗೆಣ್ಣಿಯದು ಯಲ್ಲಾಪುರ. ಅವಳಿಗೆ ಅಲ್ಲಿ ಗಟ್ಟಿಮುಟ್ಟಾದ ತಾಯಿ ಇದ್ದಾಳೆ, ವರ್ಷಕ್ಕೆ ನಾಲ್ಕು ಸಲ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತಾಳೆ. ಹೆತ್ತ ತಾಯಿ ಇರುವವಳಿಗೆ ನನ್ನ ಅತ್ತೆಯೂ ಯಾಕೆ ಬೇಕು? ಇದು ನ್ಯಾಯದ ಪ್ರಶ್ನೆ ಅಂತ ನನಗೆ ಆಗ ಅನ್ನಿಸುತ್ತಿತ್ತು. ಈಗಲೂ ಪೂರ್ತಿ ಅನ್ಯಾಯ ಅನ್ನಿಸುವುದಿಲ್ಲ.

ಅತ್ತೆ ಕೈತಪ್ಪಿದ್ದು ನನ್ನ ದಡ್ಡತನದಿಂದಲೇ. ಹಳೆಯ ಮನೆಗಳ ಮುಚ್ಚಿಗೆ ಹೇಗಿರುತ್ತದೆ ಎಂದು ಈ ಕಡೆಯವರಿಗೆ ಗೊತ್ತು: ಕೋಣೆಗೆ ಹಲಗೆಯ ಚಾವಣಿ, ಅದರ ಮೇಲೆ ಅಟ್ಟದ ನೆಲವಾಗಿ ನಾಲ್ಕು ಬೆರಳು ದಪ್ಪ ಕೆಂಪು ಮಣ್ಣು. ಹಂಚು ಎಷ್ಟೇ ಕಾದರೂ ಆ ಮಣ್ಣು ಕಾವನ್ನು ಕೆಳಗೆ ಬಿಡುವುದಿಲ್ಲ. ಆದರೆ ಹಲಗೆಯ ಸಂದಿನಿಂದ ಮಣ್ಣು ಉದುರುತ್ತದೆ. ಮಗಳನ್ನು ನೋಡಲು ಬಂದ ಬೀಗರ ಕಡೆಯವರೊಬ್ಬರ ಪಾಯಸದ ಬಟ್ಟಲಿಗೆ ಉದುರಿತು. ಅವರು ನಕ್ಕು ಸುಮ್ಮನಾದರು. ನನಗೆ ಮಾತ್ರ ಮಾನ ಹೋದಂತಾಯಿತು. ತಿಂಗಳು ತುಂಬುವುದರೊಳಗೆ ನಮ್ಮ ಅರ್ಧದ ಮಣ್ಣನ್ನೆಲ್ಲ ಬುಟ್ಟಿಯಲ್ಲಿ ಹೊರಿಸಿ ಹೊರಗೆ ಹಾಕಿಸಿ, ಹಲಗೆಯ ಕೆಳಗೆ ಬೆಳ್ಳಗಿನ ಪಿವಿಸಿ ಸೀಲಿಂಗ್ ಹೊಡೆಸಿದೆ. ನೆಗೆಣ್ಣಿ ಬಂದು ನೋಡಿ, "ಭಾಳ ಚಂದ ಆಗೇತ್ರಿ ಅಕ್ಕಾ" ಅಂದಳು. ತನ್ನ ಮನೆಯ ಮಣ್ಣು ಮಾತ್ರ ತೆಗೆಸಲಿಲ್ಲ. ಅವಳಿಗೆ ಆಸೆ ಇದೆ, ಕೈಲಾಗುತ್ತಿಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಮುಂದಿನ ಶಿವರಾತ್ರಿ ಕಳೆಯುತ್ತಲೇ ಹಿಗ್ಗು ಇಳಿಯಿತು. ಹನ್ನೆರಡು ಗಂಟೆಗೆ ನಮ್ಮ ಮನೆ ರೊಟ್ಟಿ ಹೆಂಚಿನ ಹಾಗೆ ಕಾಯುತ್ತಿತ್ತು. ಫ್ಯಾನು ಹಾಕಿದರೆ ಬಿಸಿಗಾಳಿಯೇ ತಲೆಯ ಮೇಲೆ ಸುತ್ತುತ್ತಿತ್ತು. ಅತ್ತೆ ಎರಡು ದಿನ ಸೆರಗಿನಿಂದ ಗಾಳಿ ಹಾಕಿಕೊಂಡು ಕೂತರು. ಮೂರನೆಯ ದಿನ ಊಟವಾದದ್ದೇ ಎಲೆಅಡಿಕೆಯ ಚೀಲ ಎತ್ತಿಕೊಂಡು, "ಆ ಕಡೆ ಸ್ವಲ್ಪ ಅಡ್ಡಾಗಿ ಬರ್ತೀನವಾ" ಎಂದು ಎದ್ದರು. ಅವಳ ನಡುಮನೆಯಲ್ಲಿ ಅಟ್ಟದ ಬಾಯಿಯ ಕೆಳಗೆ ಅವರಿಗಾಗಿ ಒಂದು ಮಂಚ ಬಂತು. ಆಮೇಲೆ ಮಳೆಗಾಲ ಬಂದರೂ, ಚಳಿಗಾಲ ಬಂದರೂ ಅತ್ತೆಯ ಮಧ್ಯಾಹ್ನ ಅಲ್ಲಿಯೇ. ಸೆಕೆ ಹೋದರೂ ಯಾಕೆ ತಿರುಗಿ ಬರಲಿಲ್ಲ ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತು ಅಂತ.

ಹೋದರೆ ಹೋಗಲಿ, ಕಣ್ಣಿಗೆ ಮರೆಯಾಗಿಯಾದರೂ ಇರಬಹುದಿತ್ತು. ಆದರೆ ಅಟ್ಟ ಒಂದೇ ಅಲ್ಲವೇ? ಅವಳ ನಡುಮನೆಯ ಮಾತೆಲ್ಲ ಆ ಬಾಯಿಯಿಂದ ಏರಿ, ಈ ಬಾಯಿಯಿಂದ ನನ್ನ ಒಲೆಯ ಮೇಲೆ ಇಳಿಯುತ್ತಿತ್ತು. ಅಡಕತ್ತರಿಯ ಸದ್ದು, ಅವಳು ಏನೋ ಕೇಳುವುದು, ಅತ್ತೆ ನಗುವುದು. ಮಾತು ಸ್ಪಷ್ಟ ಕೇಳುತ್ತಿರಲಿಲ್ಲ, ನಗು ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಪಾತ್ರೆ ತೊಳೆಯುತ್ತ ನಾನು ಆ ನಗು ಎಣಿಸುತ್ತಿದ್ದೆ. ನನ್ನ ಮನೆಯಲ್ಲಿ ಅಷ್ಟು ಸಲ ನಕ್ಕಿದ್ದರೇ ಅಂತ ಲೆಕ್ಕ ಹಾಕುತ್ತಿದ್ದೆ. ಸಿಟ್ಟಿಗೆ ಸ್ಟೀಲಿನ ತಾಟುಗಳನ್ನು ಕುಕ್ಕುತ್ತಿದ್ದೆ. ಯಜಮಾನರು ಅಂಗಡಿಯಿಂದ ಊಟಕ್ಕೆ ಬಂದವರು, "ತಾಟು ಏನ್ ಮಾಡ್ಯಾವ ನಿನಗ?" ಎನ್ನುತ್ತಿದ್ದರು.

ಹೋದ ವರ್ಷ ಸಿದ್ದಾಪುರದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಅವರದೂ ಹಂಚಿನ ಮಾಡು, ಒಳಗೆ ಮಾತ್ರ ತಂಪು. ಮನೆಯೊಡತಿ ಕತ್ತೆತ್ತಿ ತೋರಿಸಿದಳು. ಹಂಚಿನ ಕೆಳಗೆ ಪೂರ್ತಿ ಬೆಳ್ಳಿ ಬಣ್ಣದ ಶೀಟು, ನಡುವೆ ಗಾಳಿಗುಳ್ಳೆ ಇರುವಂಥದ್ದು. ಬಿಸಿಲಿನ ಕಾವು ಅಲ್ಲಿಂದಲೇ ವಾಪಸು ಹೋಗುತ್ತದಂತೆ. ನಾನು ಹೋಳಿಗೆಯನ್ನೂ ಅರ್ಧಕ್ಕೆ ಬಿಟ್ಟು ಆ ಶೀಟು ನೋಡುತ್ತ ನಿಂತೆ. ಅದರಲ್ಲಿ ನನಗೆ ಕಂಡದ್ದು ನಮ್ಮ ಮನೆಗೆ ಮರಳಿ ಬಂದ ಅತ್ತೆ. ಬಸ್ಸಿನಲ್ಲಿ ಕೂರುವ ಮೊದಲೇ ಯಜಮಾನರಿಗೆ ಹೇಳಿದೆ, ಈ ಬೇಸಿಗೆಯೊಳಗೆ ಆಗಬೇಕು ಎಂದು. ಹೇಗೂ ಹಂಚು ಕೂರಿಸುವ ರೀಪುಗಳಿಗೆ ಗೆದ್ದಲು ಹಿಡಿದಿತ್ತು, ಮಾಡು ಬಿಚ್ಚುವುದೇ ಇತ್ತು. ಅವರು ಒಪ್ಪಿದರು.

ಹುಲಗೋಳದಿಂದ ಬೈಕಿನ ಮೇಲೆ ಬರುವ ಆಚಾರಿ ಒಬ್ಬ ಸಿಕ್ಕ. ವಯಸ್ಸಾದವನು, ಹಳೇ ಮನೆಗಳ ಮರಗೆಲಸ ಬಲ್ಲವನು. ಅಟ್ಟ ಹತ್ತಿ ಎರಡೂ ತುದಿ ನೋಡಿ ಇಳಿದು ಬಂದ. ಮೈಯೆಲ್ಲ ಜೇಡನ ಬಲೆ.

"ಅಮ್ಮ, ಆ ಬದಿ ಮನೆದು ಮಣ್ಣು ಹಾಂಗೇ ಇದ್ಯಲ್ಲ. ನಿಮ್ಮದಕ್ಕೂ ಮೊದಲಿನ ಹಾಂಗೆ ಮಣ್ಣೇ ಹಾಕುವ. ಖರ್ಚೂ ಕಮ್ಮಿ, ತಂಪೂ ಗ್ಯಾರಂಟಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಣ್ಣು ತೆಗೆಸಿದವಳು ನಾನು ಅಂತ ಅವನಿಗೇನು ಗೊತ್ತು? ಆದರೂ ನನಗೆ ಚುಚ್ಚಿತು. ಅವಳು ಉಳಿಸಿಕೊಂಡ ಮಣ್ಣನ್ನೇ ನಾನು ಮತ್ತೆ ಹೊರಿಸುವುದೇ? "ಮಣ್ಣು ಬೇಡ, ಶೀಟೇ ಹೊಡಿ" ಎಂದೆ.

ಹಂಚು ಇಳಿಸಿದರು. ಗೆದ್ದಲು ತಿಂದ ರೀಪು ಬದಲಾದವು, ಬೆಳ್ಳಿ ಶೀಟು ಎಳೆದು ಮೊಳೆ ಹೊಡೆದರು, ಹಂಚು ಮತ್ತೆ ಏರಿದವು. ಶೀಟು ನಮ್ಮ ಗೋಡೆಯ ಗೆರೆಯವರೆಗೆ ಬಂದು ನಿಂತಿತು. ಅದರ ಆಚೆ ಅವರ ಬರೀ ಹಂಚು. ಅಟ್ಟದಲ್ಲಿ ನಿಂತು ಆ ಗೆರೆ ನೋಡಿದಾಗ ನನ್ನ ತಲೆಗೆ ಒಂದು ವಿಚಾರ ಬಂತು. ನಾನು ಇಷ್ಟು ಕಷ್ಟಪಟ್ಟು ಮಾಡಿಸಿದ ತಂಪು ತೇಲಿಕೊಂಡು ಆ ಕಡೆ ಹೋದರೆ? ಮೊದಲೇ ತಂಪಾಗಿರುವವಳಿಗೆ ನನ್ನ ತಂಪೂ ಸೇರಿದರೆ?

"ಆಚಾರ್ರೆ, ಈ ಗೆರೆ ಮೇಲೆ ನೆಲದಿಂದ ಮಾಡಿನ ತನಕ ಪ್ಲೈವುಡ್ ಹಲಗೆ ಹೊಡೆದು ಮುಚ್ಚಿಬಿಡಿ."

ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲಿಯೇ ಇಟ್ಟುಕೊಂಡ. "ಗಾಳಿ ಆ ಕಿಟಕಿಲಿ ಬಂದು ಈ ಕಿಟಕಿಲಿ ಹೋಗ್ತದೆ ಅಮ್ಮ. ಶೀಟು ಹಾಕಿದ ಮೇಲೆ ಹಂಚಿನ ಸಂದಿ ಎಲ್ಲ ಮುಚ್ಚಿ ಹೋಗ್ಯದೆ. ನಡುವೂ ಮುಚ್ಚಿರೆ ಗಾಳಿ ಹೋಗೂಕೆ ದಾರಿ ಎಲ್ಲಿ ಅದೆ?"

"ಧೂಳು ಬರ್ತದೆ ಆ ಕಡೆಯಿಂದ. ಮುಚ್ಚಿ."

ಅತ್ತೆಯನ್ನು ಕೇಳಲಿಲ್ಲ. ಅವರಿಗೆ ಮೊಣಕಾಲು ನೋವು, ಏಣಿ ಹತ್ತಿ ಎಷ್ಟೋ ವರ್ಷವಾಗಿತ್ತು. ಅಟ್ಟ ತನ್ನದು ಎಂದು ಅವರು ಹೇಳಿದ ಮಾತು ನೆನಪಿಗೆ ಬಂತು, ಬಂದಷ್ಟೇ ಬೇಗ ಅದನ್ನು ಪಕ್ಕಕ್ಕೆ ಸರಿಸಿದೆ. ಹಲಗೆ ಹೊಡೆಯುವ ಮೊದಲು ಇನ್ನೊಂದು ಕೆಲಸವನ್ನೂ ಮಾಡಿದೆ. ಅಟ್ಟದಲ್ಲಿದ್ದ ಅತ್ತೆಯ ಸಾಮಾನುಗಳು, ಹಿತ್ತಾಳೆಯ ಹಂಡೆ, ಮಾವನ ಕಾಲದ ಸೇರು ಪಾವುಗಳು, ಮನೆಯ ಮಕ್ಕಳೆಲ್ಲ ಮಲಗಿದ್ದ ತೊಟ್ಟಿಲು, ಎಲ್ಲವನ್ನೂ ಒಬ್ಬಳೇ ಎಳೆದೆಳೆದು ಗೆರೆಯ ಈಚೆಗೆ ತಂದೆ. ಅವಳ ಕಡೆಗೆ ಒಂದು ಮುರುಕು ಮೊರ, ಹರಿದ ಎರಡು ಗೋಣಿಚೀಲ ಬಿಟ್ಟೆ. ಇಳಿದು ಬರುವಾಗ ಸೊಂಟ ಹಿಡಿದುಕೊಂಡಿತ್ತು, ಮನಸ್ಸು ಮಾತ್ರ ಹಗುರವಾಗಿತ್ತು. ನನ್ನ ಅಡುಗೆಮನೆಯ ಅಟ್ಟದ ಬಾಯಿಗೂ ಒಂದು ಕದ ಮಾಡಿಸಿದೆ.

ಮರುದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತೆ. ಅಡಕತ್ತರಿಯೂ ಇಲ್ಲ, ನಗುವೂ ಇಲ್ಲ. ಮಂಗಗಳು ಹಂಚಿನ ಮೇಲೆ ಓಡಿದ್ದೂ ದೂರದಲ್ಲಿ ಓಡಿದಂತೆ ಕೇಳಿತು. ಎಷ್ಟೋ ವರ್ಷದ ಮೇಲೆ ತಾಟುಗಳನ್ನು ಮೆಲ್ಲಗೆ ಜೋಡಿಸಿಟ್ಟೆ.

ಅತ್ತೆಯನ್ನು ನಾನೇ ಹೋಗಿ ಕರೆದುಕೊಂಡು ಬಂದೆ. ಆಗ ಅವರ ಊಟದ ಪಾಳಿ ಆ ಕಡೆಯದು. ಆದರೂ ಕರೆದೆ, ನೆಗೆಣ್ಣಿಯ ಎದುರಿಗೇ ಕರೆದೆ. "ಈಗ ನಮ್ಮ ಮನಿನೂ ತಂಪ ಆಗೇತಿ. ಬರ್ರಿ ಅತ್ತಿ." ನೆಗೆಣ್ಣಿ ಅತ್ತೆಯ ಚೀಲ ಎತ್ತಿ ನನ್ನ ಕೈಗೆ ಕೊಟ್ಟಳು. ಆಗ ಅವಳ ಮುಖ ನೋಡಬೇಕು ಅಂತ ಬಹಳ ಆಸೆಯಾಗಿತ್ತು. ನೋಡಿದೆ. ಏನೂ ತಿಳಿಯಲಿಲ್ಲ.

ಹೊಸ ಮಂಚ, ಹೊಸ ಚಾದರ. ಅತ್ತೆ ಕೂತರು, ಮೇಲೆ ನೋಡಿದರು, ಕದ ನೋಡಿದರು. "ಅಟ್ಟದ ಬಾಯಿ ಯಾಕ ಮುಚ್ಚೀದಿ?" ಎಂದರು. ಧೂಳು ಎಂದೆ. "ಮನಿ ಕಿವುಡ ಆಗೇತಿ ನೋಡು" ಎಂದರು. ಶೀಟನ್ನು ಹೊಗಳಿದರು ಎಂದುಕೊಂಡೆ. "ಹೌದ್ರಿ, ಹೊರಗಿನ ಗದ್ದಲಾ ಒಂದೂ ಬರೂದಿಲ್ಲ" ಎಂದು ಜಂಬ ಕೊಚ್ಚಿದೆ.

ಎರಡು ಗಂಟೆಯವರೆಗೆ ನಿಜವಾಗಿಯೂ ತಂಪಿತ್ತು. ಮೂರಾಗುತ್ತಲೇ ಗಾಳಿ ಸತ್ತುಹೋಯಿತು. ನಾಲ್ಕಕ್ಕೆ ಮೇಲಿನಿಂದ ಕಾವು ಇಳಿಯತೊಡಗಿತು, ಬಿಸಿಲಿನ ಕಾವಿನ ಹಾಗಲ್ಲ, ಬಚ್ಚಲುಮನೆಯ ಹಬೆಯ ಹಾಗೆ. ದೀಪ ಹಚ್ಚುವ ಹೊತ್ತಿಗೂ ಅದು ಹೋಗಲಿಲ್ಲ. ಆಚಾರಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಎದುರಿನವರಿಗೆ ಅಪಶಕುನವಾಗಲಿ ಎಂದು ಮೂಗು ಕೊಯ್ದುಕೊಂಡವಳ ಕಥೆ ಕೇಳಿದ್ದೆ, ಈಗ ಕನ್ನಡಿಯಲ್ಲಿ ನೋಡಿದೆ. ಅತ್ತೆ ದೂರಲಿಲ್ಲ. ಮೂರು ದಿನ ಬಂದರು, ನನ್ನ ಮುಖ ನೋಡಿಕೊಂಡು ಕೂತರು, ಬೆವರು ಒರೆಸಿಕೊಂಡರು. ನಾಲ್ಕನೆಯ ದಿನ ಬರಲಿಲ್ಲ. ನಾನು ಬಾಗಿಲಲ್ಲಿ ನಿಂತು ಕಾದೆ, ಕರೆಯಲು ಮಾತ್ರ ಹೋಗಲಿಲ್ಲ. ಅವಳಿಗೇ ಇರಲಿ, ಕಟ್ಟಿಕೊಂಡು ಕೂರಲಿ ಎಂದು ಒಳಗೆ ಬಂದು ಕದ ಹಾಕಿಕೊಂಡು ಅತ್ತುಬಿಟ್ಟೆ.

ಅಲ್ಲಿಂದ ಎರಡು ತಿಂಗಳು ನಾನು ಆ ಕಡೆಗೆ ಹೋಗಲಿಲ್ಲ. ನಡುವೆ ಅತ್ತೆಯ ಊಟ ನಮ್ಮ ಪಾಳಿಗೆ ಬಂತು. ಬಂದರು, ಉಂಡರು, ಕೈತೊಳೆದು ಹೋದರು. ಬಡಿಸುವಾಗ ನಾನು ಬಿಗುವಾಗಿಯೇ ಇರುತ್ತಿದ್ದೆ. ಒಂದು ದಿನ ಅನ್ನ ಕಲಸುತ್ತ, "ಈಗೀಗ ನೀ ಮಾತಾಡೂದ ಬಿಟ್ಟೀಯಲ್ಲ" ಎಂದರು. "ನನ್ನ ಮಾತು ಯಾರಿಗೆ ಬೇಕಾಗೇತ್ರಿ" ಎಂದೆ. ಅವರು ಕಲಸಿದ ಅನ್ನಕ್ಕೆ ಇನ್ನಷ್ಟು ಸಾರು ಹಾಕಿಕೊಂಡರು.

ಸೆಕೆ ತಾಳಲಾರದೆ ಕೊನೆಗೆ ಯಜಮಾನರೇ ಆಚಾರಿಗೆ ಫೋನ್ ಮಾಡಿದರು. ನಾಳೆ ಬಂದು ಅಡ್ಡಹಲಗೆ ಬಿಚ್ಚುತ್ತೇನೆ ಎಂದ. ಆ ಸುದ್ದಿ ಅಣ್ಣತಮ್ಮಂದಿರ ಬಾಯಿಂದ ಆ ಮನೆಗೂ ಹೋಯಿತು. ಸಂಜೆ ನೆಗೆಣ್ಣಿ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಅವಳು ಬರಿಗೈಯಲ್ಲಿ ಬಂದದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

"ಅಕ್ಕಾ, ಅಟ್ಟದಾಗ ಹಲಗಿ ಹೊಡಿಸಿದ್ರಂತ. ನಾಳೆ ತಗಸ್ತೀರಂತ."

ಬೈಯಲು ಬಂದಿದ್ದಾಳೆ ಎಂದುಕೊಂಡು ನಾನು ಸೆರಗು ಸಿಕ್ಕಿಸಿ ನಿಂತೆ. "ಹೌದು. ಏನೀಗ?"

"ತಗಸಬ್ಯಾಡ್ರಿ."

ನನಗೆ ಅರ್ಥವಾಗಲಿಲ್ಲ. ಅವಳು ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತು ಹೇಳಿದಳು.

"ಅತ್ತಿ ನಮ್ಮಲ್ಲಿ ಯಾಕ ಕುಂಡ್ರತಿದ್ರು ಅಂತ ತಿಳದೀರಿ? ಮಂಚ ನಾ ಬಾಗಲ ಹತ್ರ ಹಾಕಿದ್ದೆ, ಗಾಳಿ ಬರ್ಲಿ ಅಂತ. ಅವ್ರ ಅದನ್ನ ಎಳಿಸಿ ಅಟ್ಟದ ಬಾಯಿ ಕೆಳಗ ಹಾಕಿಸ್ಕೊಂಡ್ರು. ನಿಮ್ಮ ಅಡಗಿ ಮನಿ ಅಲ್ಲಿ ಕೇಳಿಸ್ತದ. ನೀವ್ ತಾಟ ಕುಕ್ಕಿದ್ರ, 'ಇವತ್ತ ಯಾಕೋ ಸಿಟ್ಟಿನ್ಯಾಗ ಅದಾಳ' ಅನ್ನೂದು, ಆಮ್ಯಾಲ ನಗೂದು. ನೀವ್ ಕೆಮ್ಮಿದ್ರ ಶುಂಠಿ ಕುಟ್ಟಿಕೊಡು ಅಂತ ನನಗ ಹೇಳೂದು. ನಾ ಏನರ ಹೇಳಾಕ ಹೋದ್ರ ಕೈ ಅಡ್ಡ ಮಾಡೋರು, 'ತಡಿ, ಆಕಿ ಏನೋ ಹಾಡಾಕತ್ತಾಳ' ಅಂತ. ಇಷ್ಟ ವರ್ಷ ನನ್ನ ಮನ್ಯಾಗ ಕುಂತು ನಿಮ್ಮ ಮನಿ ಕೇಳ್ಯಾರ."

ಶುಂಠಿ ಕಷಾಯ ಅವಳ ಮನೆಯಿಂದ ಎಷ್ಟೋ ಸಲ ಬಂದಿತ್ತು. ಏನೋ ಹೆಚ್ಚುಗಾರಿಕೆ ತೋರಿಸುತ್ತಾಳೆ ಎಂದು ನಾನು ಬೈದುಕೊಂಡೇ ಕುಡಿದಿದ್ದೆ.

"ಈ ಎರಡ ತಿಂಗಳಾತು ನೋಡ್ರಿ, ಏನೂ ಕೇಳೂದಿಲ್ಲ ಅಂತ ಅತ್ತಿ ನನ್ನ ಕಡೆ ತಿರುಗ್ಯಾರ. ಮೊನ್ನೆ ನನ್ನ ತಲಿ ಬಾಚಿದ್ರು. ಮದವಿ ಆಗಿ ಬಂದು ಇಪ್ಪತ್ತ ವರ್ಷಾತು, ಮೊದಲನೇ ಸಲ." ಅವಳು ತನ್ನ ಜಡೆ ಮುಟ್ಟಿಕೊಂಡಳು. "ನಿಮಗ ಸೆಕಿ ಆಗ್ತದ, ನನಗ ತಿಳಿತದ. ಬೇಕಾದ್ರ ನೀವ ಮಧ್ಯಾನಾ ನಮ್ಮಲ್ಲಿ ಬಂದ ಮಲಗ್ರಿ. ಹಲಗಿ ಮಾತ್ರ ಇರ್ಲಿ ಅಕ್ಕಾ."

ಇಂಥ ಹೊತ್ತಿನಲ್ಲಿ ಒಳ್ಳೆಯ ಹೆಂಗಸು ಏನು ಮಾಡುತ್ತಿದ್ದಳೋ ನನಗೆ ಗೊತ್ತು. ಅವಳ ಕೈ ಹಿಡಿದು ಒಳಗೆ ಕರೆಯುತ್ತಿದ್ದಳು, ಚಹಾ ಕೊಡುತ್ತಿದ್ದಳು, ಹಲಗೆ ಹಾಗೆಯೇ ಇರಲಿ ಎನ್ನುತ್ತಿದ್ದಳು. ನನಗೆ ಮೊದಲು ಬಂದದ್ದು ಸಂತೋಷ. ಮೈತುಂಬ ಸಂತೋಷ, ನಾಚಿಕೆಯಿಲ್ಲದ್ದು. ಅದರ ಬೆನ್ನಿಗೇ ಇನ್ನೊಂದು ಬಂತು: ನನ್ನ ತಲೆ ಬಾಚಿದ ಕೈ ಅವಳ ತಲೆಯನ್ನೂ ಬಾಚಿತೇ? "ನೋಡೋಣು" ಎಂದೆ. ಅವಳು ತಿರುಗಿ ಹೋದಳು.

ಮರುದಿನ ಹನ್ನೊಂದಕ್ಕೆ ಆಚಾರಿ ಬಂದ. ನಾನು ಅವನನ್ನು ತಡೆಯಲಿಲ್ಲ. ಏಣಿ ಹಿಡಿದುಕೊಂಡು ಕೆಳಗೆ ನಿಂತೆ. ಒಂದೊಂದೇ ಹಲಗೆ ಇಳಿದು ಬಂತು. ಕೊನೆಯದು ಇಳಿದಾಗ ಅಟ್ಟದೊಳಗಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಯಜಮಾನರು "ಆಹಾ" ಎಂದರು. ಸೆಕೆಗಾಗಿ ತೆಗೆಸಿದೆವು ಎಂದು ಈಗಲೂ ಎಲ್ಲರಿಗೂ ಹೇಳುತ್ತೇನೆ, ಯಾರೂ ಅನುಮಾನಿಸಿಲ್ಲ, ಒಬ್ಬಳನ್ನು ಬಿಟ್ಟು.

ಮಧ್ಯಾಹ್ನ ಅಟ್ಟದ ಬಾಯಿಯ ಕದ ತೆರೆದಿಟ್ಟೇ ಪಾತ್ರೆ ತೊಳೆಯಲು ಕೂತಿದ್ದೆ. ಮೇಲಿನಿಂದ ಅತ್ತೆಯ ದನಿ ಇಳಿಯಿತು. "ಏನ್ ಮಾಡಾಕತ್ತೀಯವಾ? ಭಾಳ ದಿನಾತು ನಿನ್ನ ದನಿ ಕೇಳಿ."

ಅವರ ಮಂಚದ ಪಕ್ಕ ನೆಲದ ಮೇಲೆ, ತಲೆಯನ್ನು ಅವರ ಕೈಗೆ ಕೊಟ್ಟು ಯಾರು ಕೂತಿರಬಹುದು ಎಂದು ನನಗೆ ಗೊತ್ತಿತ್ತು. ಬಾಚಣಿಗೆ ಅಷ್ಟೊತ್ತಿಗೆ ನಿಂತಿರಬೇಕು. ನಾನು ಕೈಯೊರೆಸಿಕೊಂಡು ಎದ್ದು ಅಟ್ಟದ ಬಾಯಿಯ ಕೆಳಗೆ ಬಂದೆ, ಬೇಕಾದದ್ದಕ್ಕಿಂತ ಜೋರಾಗಿ ಉತ್ತರ ಕೊಟ್ಟೆ. ಆಮೇಲೆ ಇನ್ನೊಂದು ಮಾತು, ಅದರ ಮೇಲೆ ಮತ್ತೊಂದು. ಮೂರೂವರೆಯವರೆಗೂ ನಾನು ಮಾತು ನಿಲ್ಲಿಸಲಿಲ್ಲ.